ವ್ರತಕಾಲದಲ್ಲಿ ರಕ್ತದ ಹೆಪ್ಪುನಿರೋಧಕ ಔಷಧಗಳು

ಚಾತುರ್ಮಾಸದಲ್ಲಿ ಹಸಿರು ಸೊಪ್ಪನ್ನು ತ್ಯಜಿಸುವುದು ನಮ್ಮ ಅನೇಕ ಮನೆಗಳಲ್ಲಿ ನಡೆದುಬಂದ ನಿಯಮ. ಆರೋಗ್ಯವಂತರಿಗೆ ಇದರಿಂದ ಬಾಧೆಯಿಲ್ಲ. ಆದರೆ ಹೃದಯದಲ್ಲಿ ಕೃತಕ ಕವಾಟವನ್ನು ಧರಿಸಿ, ಪ್ರತಿದಿನ ವಾರ್ಫರಿನ್ ಅಥವಾ ಅಸೆನೊಕೌಮರಾಲ್ ಗುಳಿಗೆಯನ್ನು ಸೇವಿಸುವ ಶ್ರಾವಕ ಶ್ರಾವಿಕೆಯರು ನಿಯಮವನ್ನು ಸ್ವೀಕರಿಸುವ ಮೊದಲೇ ಕೆಲವು ವಿಷಯಗಳನ್ನು ಅರಿತಿರಬೇಕು.

ಇವುಗಳನ್ನು ರಕ್ತವನ್ನು ತೆಳುವಾಗಿಸುವ ಮಾತ್ರೆಗಳೆಂದು ಕರೆಯುವುದು ರೂಢಿ. ವಾಸ್ತವವಾಗಿ ರಕ್ತವು ತೆಳುವಾಗುವುದಿಲ್ಲ. ಹೆಪ್ಪುಗಟ್ಟುವ ಶಕ್ತಿಯಷ್ಟೇ ಕುಗ್ಗುತ್ತದೆ. ರಕ್ತವನ್ನು ಹೆಪ್ಪುಗಟ್ಟಿಸುವ ಘಟಕಗಳಲ್ಲಿ ಎರಡು, ಏಳು, ಒಂಬತ್ತು ಮತ್ತು ಹತ್ತನೆಯವು ಯಕೃತ್ತಿನಲ್ಲಿ ತಯಾರಾಗುತ್ತವೆ. ಅವು ಕ್ಯಾಲ್ಸಿಯಂ ಅನ್ನು ಹಿಡಿದು ಗಾಯದ ಸ್ಥಳದಲ್ಲಿ ನಿಲ್ಲಬೇಕಾದರೆ 'ಕೆ' ಜೀವಸತ್ತ್ವದ ಸಂಸ್ಕಾರ ಅಗತ್ಯ. ಒಮ್ಮೆ ಬಳಕೆಯಾದ 'ಕೆ' ಜೀವಸತ್ತ್ವವನ್ನು ಯಕೃತ್ತು ಪುನಃ ಸಜ್ಜುಗೊಳಿಸಿ ಬಳಸುತ್ತದೆ. ವಾರ್ಫರಿನ್ ತಡೆಯುವುದು ಈ ಪುನರ್ಬಳಕೆಯನ್ನೇ. ಆಗ ಘಟಕಗಳು ಹುಟ್ಟುತ್ತವೆ, ಆದರೆ ಅಪೂರ್ಣವಾಗಿ; ರಕ್ತದಲ್ಲಿ ಸಂಚರಿಸಿದರೂ ಕೆಲಸಕ್ಕೆ ಬಾರವು.

ಈ ಗುಣವು ತಿಳಿದುಬಂದದ್ದು ದನಗಳ ರೋಗದಿಂದ. 1933ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ರೈತನೊಬ್ಬನು ಕೆಟ್ಟ ಹುಲ್ಲನ್ನು ತಿಂದು ಸತ್ತ ಹಸುವನ್ನೂ, ಹೆಪ್ಪುಗಟ್ಟದ ಅದರ ರಕ್ತವನ್ನೂ ವಿಶ್ವವಿದ್ಯಾನಿಲಯಕ್ಕೆ ತಂದನು. ಕಾರ್ಲ್ ಪಾಲ್ ಲಿಂಕ್ ಮತ್ತು ಅವರ ಸಂಗಡಿಗರು ಅದರ ಕಾರಣವನ್ನು ಶೋಧಿಸಿದರು. ಅದರಿಂದ ಬೆಳೆದುಬಂದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಬಂತೆಂಬುದು ನಮಗೆ ಕೇಳಲು ಹಿತವಲ್ಲ. 1954ರಿಂದ ಅದೇ ಮನುಷ್ಯರಿಗೆ ಔಷಧವಾಯಿತು.

ಸೊಪ್ಪಿನಲ್ಲಿ 'ಕೆ' ಜೀವಸತ್ತ್ವವು ಹೇರಳವಾಗಿದೆ. ವೈದ್ಯರು ಗುಳಿಗೆಯ ಪ್ರಮಾಣವನ್ನು ನಿಶ್ಚಯಿಸುವುದು ರೋಗಿಯ ನಿತ್ಯದ ಆಹಾರಕ್ಕೆ ಹೊಂದುವಂತೆ. ಸೊಪ್ಪನ್ನು ಹಠಾತ್ತನೆ ಬಿಟ್ಟರೆ, ಅಥವಾ ಉಪವಾಸದಿಂದ ಆಹಾರವೇ ಕುಗ್ಗಿದರೆ, ಅದೇ ಗುಳಿಗೆ ಅತಿಯಾಗುತ್ತದೆ. ಒಸಡಿನಲ್ಲಿ ರಕ್ತ, ಕಪ್ಪು ಮಲ, ಕಾರಣವಿಲ್ಲದೆ ಚರ್ಮದ ಮೇಲೆ ಮೂಡುವ ನೀಲಿ ಕಲೆ, ಇವು ಅದರ ಲಕ್ಷಣಗಳು. ವ್ರತ ಮುಗಿದು ಸೊಪ್ಪನ್ನು ಪುನಃ ಹೆಚ್ಚಾಗಿ ಸೇವಿಸತೊಡಗಿದಾಗ ಇದರ ವಿಪರೀತವು ಸಂಭವಿಸಿ, ಕವಾಟದ ಮೇಲೆ ಹೆಪ್ಪು ಕಟ್ಟಬಹುದು. ಬದಲಾವಣೆಯು ಆ ದಿನವೇ ಕಾಣುವುದಿಲ್ಲ. ಏಳನೆಯ ಘಟಕವು ಸುಮಾರು 6 ಗಂಟೆಗಳಲ್ಲಿ ಅರ್ಧಕ್ಕಿಳಿದರೆ, ಎರಡನೆಯದಕ್ಕೆ 60 ಗಂಟೆಗೂ ಮೇಲ್ಪಟ್ಟ ಕಾಲ ಬೇಕು. ಆದುದರಿಂದ ಮೊದಲ ದಿನದ ಸುಖವನ್ನು ನಂಬಿ ಕೂಡಬಾರದು.

ಇದಕ್ಕಿಂತಲೂ ಭಯಾವಹವಾದುದು, ನಿರ್ಜಲ ಉಪವಾಸದ ದಿನ ನೀರಿಲ್ಲವೆಂದು ಗುಳಿಗೆಯನ್ನೇ ಬಿಡುವುದು. ಕವಾಟದಿಂದ ಸಿಡಿದ ಹೆಪ್ಪು ಮಿದುಳನ್ನು ಸೇರಿದರೆ ಪಾರ್ಶ್ವವಾಯು ನಿಶ್ಚಿತವೆನ್ನಬಹುದು. ಷೋಡಶ ಭಾವನೆಗಳಲ್ಲಿ ಹೇಳಿದ್ದು ಶಕ್ತಿತಸ್ತಪ, ಶಕ್ತಿಯನ್ನು ಅರಿತ ತಪಸ್ಸು. ಇಂಥವರು ನಿರ್ಜಲ ಉಪವಾಸಕ್ಕೆ ಬದಲು ಏಕಭುಕ್ತವನ್ನೋ ರಸತ್ಯಾಗವನ್ನೋ ಆರಿಸಿಕೊಳ್ಳಬಹುದಲ್ಲವೇ? ಏಕಭುಕ್ತದಲ್ಲಿ ಗುಳಿಗೆಯನ್ನು ಊಟದ ಹೊತ್ತಿಗೇ ಇಡಲು ಸಾಧ್ಯವೇ ಎಂದು ವೈದ್ಯರನ್ನು ಮೊದಲೇ ಕೇಳಬೇಕು. ಸೊಪ್ಪನ್ನು ಬಿಡುವ ದಿನವನ್ನೂ ಪುನಃ ಆರಂಭಿಸುವ ದಿನವನ್ನೂ ಅವರಿಗೆ ತಿಳಿಸಿ, ಎರಡು ಸಂದರ್ಭಗಳಲ್ಲಿಯೂ ಐ.ಎನ್.ಆರ್. ರಕ್ತಪರೀಕ್ಷೆಯನ್ನು ಮಾಡಿಸಿಕೊಳ್ಳಬೇಕು. ಅದು ಸಾಮಾನ್ಯವಾಗಿ 2ರಿಂದ 3ರೊಳಗೆ ಇರಬೇಕು. ಕೆಲವು ಕವಾಟಗಳಿಗೆ ಇನ್ನೂ ತುಸು ಹೆಚ್ಚು.

ರಿವರೊಕ್ಸಾಬಾನ್ ಎಂಬ ಹೊಸ ಔಷಧವು ಹತ್ತನೆಯ ಘಟಕವನ್ನು ನೇರವಾಗಿ ತಡೆಯುವುದರಿಂದ ಅದಕ್ಕೆ ಸೊಪ್ಪಿನ ಚಿಂತೆಯಿಲ್ಲ. ಆದರೆ ಲೋಹದ ಕವಾಟವುಳ್ಳವರಿಗೆ ಅದು ಸಲ್ಲದು. ಅದರ 15 ಮತ್ತು 20 ಮಿಲಿಗ್ರಾಂ ಗುಳಿಗೆಗಳನ್ನು ಆಹಾರದೊಡನೆ ಸೇವಿಸದಿದ್ದರೆ ಅವು ದೇಹಕ್ಕೆ ಪೂರ್ಣವಾಗಿ ಹತ್ತುವುದೂ ಇಲ್ಲ.