ಒಂದೇ ಬಕ, ಎರಡು ಉಡುಪು



ವಾಣಿಜ್ಯ ವಿಭಾಗದವನಿಗೆ ಹಕ್ಕಿಗಳ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನಮ್ಮ ಮನೆಯ ಹಿಂದೆ ಒಂದು ಕೆರೆ ಇದೆ. ಅಲ್ಲಿ ಕಂಡ ಹಕ್ಕಿಗಳನ್ನು ಡಿಸೆಂಬರ್‌ನಿಂದ ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದೇನೆ. ಮೊದಲು ಬರೆದದ್ದು ಮಣ್ಣಿನ ಬಣ್ಣದ, ಕತ್ತಿನ ಮೇಲೆ ಗೀರುಗಳಿದ್ದ ಒಂದು ಹಕ್ಕಿಯನ್ನು. ತೀರಾ ಹತ್ತಿರ ಹೋದರೂ ಅದು ಕದಲುತ್ತಿರಲಿಲ್ಲ. ಅದಕ್ಕೇ ನಮ್ಮ ದಾದಿ ಅದನ್ನು ‘ಅಂಧಾ ಬಗಲಾ’, ಅಂದರೆ ಕುರುಡು ಬಕ ಎನ್ನುತ್ತಾರೆ.

ಜೂನ್‌ನಲ್ಲಿ ಅದೇ ದಡದಲ್ಲಿ ಕಡುಗೆಂಪು ಬೆನ್ನಿನ, ತಲೆಯ ಹಿಂದೆ ಉದ್ದನೆಯ ಬಿಳಿ ಗರಿಗಳ ಹಕ್ಕಿ ಕಂಡಿತು. ಹೊಸ ಹಕ್ಕಿ ಎಂದು ಇನ್ನೊಂದು ಪುಟದಲ್ಲಿ ಬರೆದೆ. ದಾದಿ ನಕ್ಕರು: “ಇಲ್ಲ ಬೇಟಾ, ಅದೇ ಬಗಲಾ. ಮದುವೆಯ ಬಟ್ಟೆ ಹಾಕಿಕೊಂಡಿದೆ.” ನಾನು ಒಪ್ಪಲಿಲ್ಲ. ಜೀವಶಾಸ್ತ್ರದ ಮೇಡಂ ಅವರನ್ನು ಕೇಳಿದಾಗ ದಾದಿ ಹೇಳಿದ್ದೇ ಸರಿ ಎಂದರು.

ಅದು ಕೊಳದ ಬಕ. ಸಂತಾನೋತ್ಪತ್ತಿಯ ಕಾಲ ಹತ್ತಿರವಾದಾಗ ಅದರ ಹಳೆಯ ಗರಿಗಳು ಉದುರಿ, ಬೇರೆ ಬಣ್ಣದ ಹೊಸ ಗರಿಗಳು ಬರುತ್ತವೆ. ಗಂಡು, ಹೆಣ್ಣು ಎರಡಕ್ಕೂ ಈ ಬದಲಾವಣೆ ಆಗುತ್ತದೆ. ಹಾರ್ಮೋನುಗಳಿಂದಾಗಿ ಕೆಲವು ದಿನ ಕಾಲುಗಳೂ ಕೆಂಪಾಗಬಹುದು. ಗೂಡಿನ ಕೆಲಸ ಮುಗಿದ ಮೇಲೆ ಮತ್ತೆ ಮಣ್ಣಿನ ಬಣ್ಣ. ದನಗಳ ಹಿಂದೆ ಓಡಾಡುವ ಬಿಳಿ ಗೋವಕ್ಕಿಗೂ ಈ ಕಾಲದಲ್ಲಿ ತಲೆ, ಕತ್ತು, ಬೆನ್ನಿನ ಮೇಲೆ ಕಿತ್ತಳೆ ಬಣ್ಣ ಬರುತ್ತದೆ. ಬೆಳ್ಳಕ್ಕಿಯ ಬೆನ್ನಿನ ಮೇಲೆ ನವಿರಾದ ಬಿಳಿ ಗರಿಗಳು ಮೂಡುತ್ತವೆ.

ಈ ಬಿಳಿ ಗರಿಗಳಿಗೂ ನಮ್ಮ ವಾಣಿಜ್ಯಕ್ಕೂ ಸಂಬಂಧವಿದೆ. 19ನೇ ಶತಮಾನದ ಕೊನೆಯಲ್ಲಿ ಯುರೋಪ್, ಅಮೆರಿಕದ ಮಹಿಳೆಯರ ಟೋಪಿಗಳಿಗೆ ಇವು ಬೇಕಾಗಿದ್ದವು. ತೂಕಕ್ಕೆ ತೂಕ ಹಾಕಿದರೆ ಚಿನ್ನಕ್ಕಿಂತ ಹೆಚ್ಚು ಬೆಲೆ ಬಂದ ಕಾಲವೂ ಇತ್ತು. ಆದರೆ ಚೆಂದದ ಗರಿ ಸಿಗುವುದು ಗೂಡು ಕಟ್ಟುವ ಕಾಲದಲ್ಲಿ. ಬೇಟೆಗಾರರು ತಾಯಿ ತಂದೆಯನ್ನು ಕೊಂದರೆ, ಗೂಡಿನಲ್ಲಿದ್ದ ಮರಿಗಳು ಹಸಿವಿನಿಂದ ಸಾಯುತ್ತಿದ್ದವು. 1902ರಲ್ಲಿ ಭಾರತದಿಂದ ಕಾಡುಹಕ್ಕಿಗಳ ಗರಿಯ ರಫ್ತನ್ನು ನಿಷೇಧಿಸಲಾಯಿತು. 1921ರಲ್ಲಿ ಬ್ರಿಟನ್ ಆಮದು ನಿಲ್ಲಿಸುವ ಕಾನೂನು ಮಾಡಿತು. ಬೇಡಿಕೆ ಹೆಚ್ಚಿದರೆ ಬೆಲೆ ಏರುತ್ತದೆ ಎಂದು ನಾವು ಓದುತ್ತೇವೆ. ಆ ಬೆಲೆಯಲ್ಲಿ ಮರಿಗಳ ಲೆಕ್ಕ ಮಾತ್ರ ಇರಲಿಲ್ಲ.

ನೀವೂ ಕೆರೆಯ ಕಡೆ ಹೋದರೆ ಕೊಳದ ಬಕ ಹಾರುವವರೆಗೂ ಕಾಯಿರಿ. ಬೆನ್ನು ಯಾವ ಬಣ್ಣದಲ್ಲಿದ್ದರೂ ರೆಕ್ಕೆ ವರ್ಷವಿಡೀ ಬಿಳಿ. ಅದೇ ಗುರುತು. ಒಂದೇ ಖಾತೆಯನ್ನು ಎರಡು ಹೆಸರಲ್ಲಿ ಬರೆದಿದ್ದ ನಾನು, ಈಗ ಎರಡನೆಯ ಪುಟವನ್ನು ಹೊಡೆದುಹಾಕಿ ‘ಮೊದಲ ಪುಟ ನೋಡಿ’ ಎಂದು ಬರೆದಿದ್ದೇನೆ. ಕೆಳಗೆ ದಾದಿಯ ಹೆಸರನ್ನೂ ಸೇರಿಸಿದ್ದೇನೆ.