ಮುಖವಿಕಾರವೂ ಲಿಂಗಾಂಗಭಾವವೂ

ಲಿಂಗವಂತನ ಅಂಗವೇ ದೇವಾಲಯವೆಂಬುದು ಶರಣರ ಸಿದ್ಧಾಂತ. ಕುಷ್ಠರೋಗದಿಂದ ಮುಖ ವಿಕಾರಗೊಂಡವನ ಅಂಗವಾದರೋ? ಇಷ್ಟಲಿಂಗವು ದಯಪಾಲಿತವಾಗುವುದು ಕರಸ್ಥಲಕ್ಕೆ, ಮುಖದ ಚೆಲುವಿಗಲ್ಲ.

ಈ ರೋಗದ ಹಾನಿಯು ಬರಿಯ ಅಂದಗೇಡಲ್ಲ. ಹುಬ್ಬು ಉದುರುವುದು, ಮೂಗು ಕುಸಿಯುವುದು ಕಣ್ಣಿಗೆ ಕಾಣುವಂಥವು. ಅದಕ್ಕಿಂತ ಘೋರವಾದುದು ನರಗಳ ನಾಶ. ರೆಪ್ಪೆಯನ್ನು ಮುಚ್ಚುವ ನರವು ಕೆಟ್ಟರೆ ಕಣ್ಣು ನಿದ್ರೆಯಲ್ಲಿಯೂ ತೆರೆದಿದ್ದು ಒಣಗುವುದು. ಸ್ಪರ್ಶದ ನರವೂ ಕೆಟ್ಟರೆ ಧೂಳು ಹೊಕ್ಕುದು ತಿಳಿಯದು, ಹುಣ್ಣಾದರೂ ನೋವಾಗದು. ಹೀಗೆ ದೃಷ್ಟಿಯೇ ನಷ್ಟವಾಗುವುದುಂಟು.

ಲೋಕವು ಅಂಜುವುದು ಅಂಟಿಗೆ. ವಿಶ್ವ ಆರೋಗ್ಯ ಸಂಸ್ಥೆಯು 1981ರಲ್ಲಿ ವಿಧಿಸಿದ ಬಹುಔಷಧ ಚಿಕಿತ್ಸೆ ಮೊದಲಾದ ಸ್ವಲ್ಪ ಕಾಲದಲ್ಲಿಯೇ ಸೋಂಕು ಹರಡುವುದು ನಿಲ್ಲುತ್ತದೆ. ರೋಗದ ಬಗೆಗೆ ತಕ್ಕಂತೆ 6 ಅಥವಾ 12 ತಿಂಗಳಲ್ಲಿ ಚಿಕಿತ್ಸೆ ಮುಗಿಯುತ್ತದೆ. ರೋಗ ಹೋಗಿ ಗುರುತು ಉಳಿದರೆ ಆ ಗುರುತನ್ನೇ ಜನರು ರೋಗವೆಂದು ಬಗೆಯುತ್ತಾರೆ. ಕುಷ್ಠವು ವಿವಾಹವಿಚ್ಛೇದನಕ್ಕೆ ಕಾರಣವೆಂಬ ವಿಧಿಯನ್ನು ಭಾರತದ ಸಂಸತ್ತೇ 2019ರಲ್ಲಿ ತೆಗೆದುಹಾಕಿತು.

ಆದರೂ ದಾಸೋಹದ ಪಂಕ್ತಿಯಲ್ಲಿ ಗುಣವಾದವನು ತಾನಾಗಿಯೇ ಕಂಬದ ಮರೆಯನ್ನು ಹುಡುಕುತ್ತಾನೆ. ಅದನ್ನು ವಿನಯವೆಂದು ಹೊಗಳುವವರೂ ಇದ್ದಾರೆ! ವಿನಯವಲ್ಲ, ಅನ್ಯರು ಮುಖ ತಿರುಹಿದುದನ್ನು ಕಂಡು ಕಂಡು ಕಲಿತ ಸಂಕೋಚವದು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿಗಳೆಂಬ ಪಂಚಸೂತಕಗಳನ್ನು ಕಳೆದ ಮತದಲ್ಲಿ ಈ ಆರನೆಯದು ಎಲ್ಲಿಂದ ಬಂದಿತು?

ಬಡಿಸುವವನು ಅಂಥವನ ಮುಖವನ್ನು ನೋಡಿಯೇ ಬಡಿಸಬೇಕು. ನೋವರಿಯದ ಆ ಕಣ್ಣು ಕೆಂಪೇರಿರುವುದು ಎದುರಿನವನಿಗಲ್ಲದೆ ಅವನಿಗೆ ತಿಳಿಯದು. ಕಂಡವನು ಅಂದೇ ಅವನನ್ನು ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು.