ಹುಡುಗರನ್ನು ಹೊರಗೆ ಕಳಿಸಿ ಈ ಪಾಠ ಮಾಡಬೇಡಿ

ಲೈಂಗಿಕ ಕಿರುಕುಳ ಗುರುತಿಸುವುದು, ತಡೆಯುವುದು ಹೇಗೆ? ಕಾಲೇಜಿನಲ್ಲಿ ಒಂದು ಮಧ್ಯಾಹ್ನದಲ್ಲಿ ಕಲಿಸಬಹುದಾದ ಕ್ರಮ ಇಲ್ಲಿದೆ.

ಮಾರ್ಚ್ 8 ಹತ್ತಿರ ಬಂತೆಂದರೆ ಕೆಜಿಎಫ್, ಬಂಗಾರಪೇಟೆ ಭಾಗದ ಕಾಲೇಜುಗಳಲ್ಲಿ ಮಹಿಳಾ ಸುರಕ್ಷತೆಯ ಕಾರ್ಯಕ್ರಮಗಳು ಶುರುವಾಗುತ್ತವೆ. ವಿದ್ಯಾರ್ಥಿನಿಯರನ್ನು ಸಭಾಂಗಣಕ್ಕೆ ಕರೆಸುತ್ತಾರೆ, ಹುಡುಗರಿಗೆ ಅರ್ಧ ದಿನ ರಜೆ. ಅತಿಥಿಗಳು ಹುಷಾರಾಗಿರಿ ಎಂದು ಹೇಳಿ ಹೋಗುತ್ತಾರೆ, ಫೋಟೊ ನ್ಯಾಕ್ ಮಾನ್ಯತೆಯ ಫೈಲು ಸೇರುತ್ತದೆ. ಅಷ್ಟಾದ ಮೇಲೂ ಆ ಕಾಲೇಜಿನ ಹುಡುಗಿಗೆ ದೂರು ಯಾರಿಗೆ ಕೊಡಬೇಕೆಂದು ಗೊತ್ತಿರುವುದಿಲ್ಲ, ಹುಡುಗನಿಗೆ ತಾನು ಮಾಡುತ್ತಿರುವುದು ಕಿರುಕುಳವೆಂದು ತಿಳಿದಿರುವುದಿಲ್ಲ. ಈ ತಪ್ಪು ತಿದ್ದಲು ಹೆಚ್ಚು ಖರ್ಚಿಲ್ಲ. ಮೂರು ಗಂಟೆ, ಒಂದಷ್ಟು ಚೀಟಿ, ತಯಾರಿ ಮಾಡಿಕೊಂಡ ಇಬ್ಬರು ಉಪನ್ಯಾಸಕರು ಸಾಕು.

ಕಾನೂನಿನ ಹಿನ್ನೆಲೆ ಚುಟುಕಾಗಿ: ರಾಜಸ್ಥಾನದ ಕಾರ್ಯಕರ್ತೆ ಭಂವರಿ ದೇವಿಯ ಮೇಲೆ ನಡೆದ ಸಾಮೂಹಿಕ ಅತ್ಯಾಚಾರ ಪ್ರಕರಣದ ನಂತರ, ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟ್ 1997ರಲ್ಲಿ ವಿಶಾಖಾ ತೀರ್ಪು ನೀಡಿತು. 2013ರಲ್ಲಿ ಅದನ್ನು ತಡೆಯುವ ಕಾಯ್ದೆ ಬಂತು. ಕಾಲೇಜು, ವಿಶ್ವವಿದ್ಯಾಲಯಗಳಿಗೆಂದೇ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ರೂಪಿಸಿದ 2015ರ ನಿಯಮಾವಳಿ 2016ರ ಮೇ ತಿಂಗಳಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಗಳಿಗೆ ಮುಖ್ಯವಾದದ್ದು ಈ ಕೊನೆಯದು.

ಹೆಜ್ಜೆ 1: ಮೊದಲು ಸಮಿತಿ ಸರಿಮಾಡಿಕೊಳ್ಳಿ

ಈ ನಿಯಮಾವಳಿ ಕೇಳುವ ಆಂತರಿಕ ದೂರು ಸಮಿತಿ ಕಾಗದದ ಮೇಲೆ ಮಾತ್ರ ಇರುವ ಕಾಲೇಜಿನಲ್ಲಿ ದೂರು ಕೊಡಿ ಎಂದು ಕಲಿಸುವುದು ವಿದ್ಯಾರ್ಥಿಗೆ ಮಾಡುವ ಮೋಸ. ಅಧ್ಯಕ್ಷೆ ಹಿರಿಯ ಮಹಿಳಾ ಅಧ್ಯಾಪಕಿಯಾಗಿರಬೇಕು. ಇಬ್ಬರು ಬೋಧಕರು, ಇಬ್ಬರು ಬೋಧಕೇತರ ಸಿಬ್ಬಂದಿ, ಹೊರಗಿನ ಒಬ್ಬ ಸದಸ್ಯರು ಬೇಕು. ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರಾದರೆ ಚುನಾಯಿತರಾದ ಮೂವರು ವಿದ್ಯಾರ್ಥಿಗಳೂ ಇರಬೇಕು. ಅರ್ಧದಷ್ಟಾದರೂ ಮಹಿಳೆಯರಿರಲೇಬೇಕು. ವಿಭಾಗದ ಮುಖ್ಯಸ್ಥರಂಥ ಆಡಳಿತದ ಹಿರಿಯ ಹುದ್ದೆಯವರು ಸದಸ್ಯರಾಗುವಂತಿಲ್ಲ. ವರ್ಗವಾಗಿ ಹೋದವರ ಹೆಸರು ಫಲಕದಲ್ಲಿ ಇನ್ನೂ ಉಳಿದಿದ್ದರೆ ಇವತ್ತೇ ಅಳಿಸಿ.

ಫಲಕ ಕನ್ನಡದಲ್ಲಿರಲಿ, ಜೊತೆಗೆ ತಮಿಳು, ತೆಲುಗು, ಉರ್ದುವಿನಲ್ಲೂ ಇರಲಿ. ನಮ್ಮಲ್ಲಿ ಮನೆಮಾತು ಒಂದು, ಪಾಠದ ಭಾಷೆ ಇನ್ನೊಂದು. ಇಂಗ್ಲಿಷ್ ಫಲಕ ನೋಡಿದ ಹುಡುಗಿ ದೂರನ್ನೂ ಇಂಗ್ಲಿಷಿನಲ್ಲೇ ಬರೆಯಬೇಕೆಂದುಕೊಂಡು ಸುಮ್ಮನಾಗುತ್ತಾಳೆ.

ಹೆಜ್ಜೆ 2: ಹುಡುಗ ಹುಡುಗಿಯರನ್ನು ಒಟ್ಟಿಗೆ ಕೂರಿಸಿ

ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಬಹುತೇಕ ಕಾರ್ಯಕ್ರಮಗಳು ಕೆಡುವುದು ಇಲ್ಲೇ.

ಹುಡುಗಿಯರನ್ನು ಮಾತ್ರ ಕೂರಿಸಿದ ಕೂಡಲೇ ಪಾಠದ ದಾರಿ ಬದಲಾಗುತ್ತದೆ. ಮಾತನಾಡುವವರು ಎಷ್ಟೇ ಒಳ್ಳೆಯವರಿರಲಿ, ಐದು ನಿಮಿಷದಲ್ಲಿ ಮಾತು ಬಟ್ಟೆಗೆ, ಮೊಬೈಲಿಗೆ, ಸಂಜೆ ಎಷ್ಟು ಹೊತ್ತಿಗೆ ಮನೆ ಸೇರಬೇಕೆಂಬುದಕ್ಕೆ ಹೊರಳುತ್ತದೆ. ಕಿರುಕುಳ ಗುರುತಿಸುವ ಪಾಠ ಹುಡುಗಿಯರಿಗೆ ಹಾಕುವ ಕಟ್ಟುಪಾಡುಗಳ ಪಟ್ಟಿಯಾಗಿಬಿಡುತ್ತದೆ. ಅದನ್ನು ಕೇಳಿದ ಹುಡುಗಿ ನಾಳೆ ಏನಾದರೂ ಆದರೆ ತಾನೇ ಎಲ್ಲೋ ತಪ್ಪಿದೆ ಎಂದುಕೊಳ್ಳುತ್ತಾಳೆ. ಅಂಥ ಹುಡುಗಿ ದೂರು ಕೊಡುವುದಿಲ್ಲ. ಮನೆಯಲ್ಲಿ ಹೇಳಿದರೆ ಓದು ಬಿಡಿಸುತ್ತಾರೆಂಬ ಭಯ ಬೇರೆ. ಕೆಜಿಎಫ್‌ನ ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಒಂದು ಮನೆಯ ಮಾತು ಇನ್ನೊಂದಕ್ಕೆ ಹೋಗಲು ಹೊತ್ತು ಬೇಕಿಲ್ಲ. ಆ ಭಯ ಸುಳ್ಳಲ್ಲ.

ಹೊರಗೆ ಹೋದ ಹುಡುಗರಿಗೂ ಒಂದು ಸಂದೇಶ ತಲುಪುತ್ತದೆ: ಇದು ಹೆಣ್ಣುಮಕ್ಕಳ ವಿಷಯ, ನಮಗೆ ಸಂಬಂಧವಿಲ್ಲ. ನಿಜದಲ್ಲಿ ಅವರಿಗೆ ಮೂರು ರೀತಿಯಲ್ಲಿ ಸಂಬಂಧವಿದೆ. ಕೆಲವರು ಮಾಡುವವರು. ಹೆಚ್ಚಿನವರು ಪಕ್ಕದಲ್ಲಿ ನಿಂತು ನಗುವವರು, ಇಲ್ಲವೇ ಸುಮ್ಮನಿರುವವರು. ಇನ್ನು ಕೆಲವರು ಸ್ವತಃ ಕಿರುಕುಳ ಉಣ್ಣುವವರು. ನಡಿಗೆ, ದನಿ ಮೆದುವಾಗಿದೆಯೆಂದು ಹಾಸ್ಟೆಲಿನಲ್ಲಿ ಸೀನಿಯರುಗಳ ಕೈಗೆ ಸಿಕ್ಕ ಹುಡುಗ ಯಾರ ಬಳಿ ಹೇಳಿಕೊಳ್ಳಬೇಕು? ಗಂಡು ವಿದ್ಯಾರ್ಥಿಗಳು, ತೃತೀಯ ಲಿಂಗದ ವಿದ್ಯಾರ್ಥಿಗಳೂ ಇದಕ್ಕೆ ಗುರಿಯಾಗುತ್ತಾರೆಂದು ಯುಜಿಸಿ ನಿಯಮಾವಳಿಯೇ ಒಪ್ಪಿಕೊಂಡಿದೆ.

ಒಟ್ಟಿಗೆ ಕೂರಿಸಿದರೆ ಹುಡುಗಿಯರು ಬಾಯಿ ಬಿಡುವುದಿಲ್ಲ ಎಂಬ ಆಕ್ಷೇಪ ಬರುತ್ತದೆ. ಹಾಗಾಗಿಯೇ ಇಲ್ಲಿ ಬಾಯಿ ಬಿಡಿಸುವುದು ಬೇಡ, ಉತ್ತರ ಚೀಟಿಯಲ್ಲಿ ಬರಲಿ. ನಿಮ್ಮ ಅನುಭವ ಹೇಳಿ ಎಂದು ಯಾರನ್ನೂ ಎಬ್ಬಿಸಿ ನಿಲ್ಲಿಸಬೇಡಿ. ನೊಂದವರು ಆ ಸಭಾಂಗಣದಲ್ಲೇ ಇರುತ್ತಾರೆ, ನೋಯಿಸಿದವರೂ ಇರಬಹುದು.

ಹೆಜ್ಜೆ 3: ಕಾನೂನಿಗಿಂತ ಮೊದಲು ಪ್ರಸಂಗ

ಕೆಳಗಿನಂಥ ಪ್ರಸಂಗಗಳನ್ನು ಒಂದೊಂದಾಗಿ ಓದಿ. ಪ್ರತಿಯೊಬ್ಬರೂ ಹೆಸರು ಹಾಕದೆ 'ಹೌದು', 'ಅಲ್ಲ', 'ಗೊತ್ತಿಲ್ಲ' ಎಂದು ಚೀಟಿಯಲ್ಲಿ ಬರೆದುಕೊಡಲಿ.

• ಮಾರಿಕುಪ್ಪಂ ರೈಲಿನಲ್ಲಿ ಸೀನಿಯರ್ ಒಬ್ಬ ದಿನಾ ಅದೇ ಹುಡುಗಿಯ ಎದುರು ಬಂದು ಕೂರುತ್ತಾನೆ, ಉರಿಗಾಂನಲ್ಲಿ ಇಳಿದು ಕಾಲೇಜು ಗೇಟಿನವರೆಗೂ ಹಿಂಬಾಲಿಸುತ್ತಾನೆ. ಒಂದು ಮಾತೂ ಆಡಿಲ್ಲ.

• ರೆಕಾರ್ಡ್ ಪುಸ್ತಕಕ್ಕೆ ಸಹಿ ಬೇಕಿದ್ದರೆ ಎಲ್ಲರೂ ಹೋದ ಮೇಲೆ ಲ್ಯಾಬಿಗೆ ಒಬ್ಬಳೇ ಬಾ, ಇಂಟರ್ನಲ್ ಮಾರ್ಕ್ಸ್ ಬಗ್ಗೆಯೂ ಮಾತಾಡೋಣ ಎನ್ನುವ ಉಪನ್ಯಾಸಕ.

• ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಸಹಪಾಠಿಯ ಫೋಟೊಗೆ ಅಶ್ಲೀಲ ಸಾಲು ಸೇರಿಸಿದ ಸ್ಟಿಕ್ಕರ್. ಮೂವತ್ತು ಜನ ನಗುವ ಇಮೋಜಿ ಹಾಕಿದ್ದಾರೆ.

• ಹುಡುಗನೊಬ್ಬ ಪ್ರೀತಿ ಹೇಳಿಕೊಂಡ. ಆಕೆ ಬೇಡವೆಂದಳು. ಅವನು ಅಲ್ಲಿಗೇ ಬಿಟ್ಟ.

• ಅದೇ ಹುಡುಗ ಬಿಡಲಿಲ್ಲ, ಗೆಳೆಯರ ಕೈಲಿ ಹೇಳಿಸುತ್ತಲೇ ಇದ್ದಾನೆ.

• ಹಾಜರಾತಿ ಕಡಿಮೆಯೆಂದು ಎಲ್ಲರ ಮುಂದೆ ಗದರಿದ ಮೇಡಂ.

ನಾಲ್ಕನೆಯದೂ ಆರನೆಯದೂ ಲೈಂಗಿಕ ಕಿರುಕುಳವಲ್ಲ. ಇಂಥವನ್ನು ಸೇರಿಸಲು ಮರೆಯಬೇಡಿ. ಯಾವುದು ಅಲ್ಲ ಎಂಬುದು ತಿಳಿದಾಗಲೇ ಹುಡುಗರ ಭಯ ಕಳೆದು ಅವರು ಕಿವಿಗೊಡುತ್ತಾರೆ. ಬಸ್ ಸ್ಟ್ಯಾಂಡಿನ ಅಪರಿಚಿತ ಪೋಕರಿಯ ಉದಾಹರಣೆಯೊಂದನ್ನೇ ಹಿಡಿದು ನಿಲ್ಲಬೇಡಿ. ಅವನನ್ನು ಎಲ್ಲರೂ ಗುರುತಿಸುತ್ತಾರೆ. ಗುರುತಿಸಲು ಕಷ್ಟವಾಗುವುದು ಪರಿಚಯದವರನ್ನು, ಮಾರ್ಕ್ಸ್ ಕೈಯಲ್ಲಿಟ್ಟುಕೊಂಡವರನ್ನು.

ಚೀಟಿ ಎಣಿಸಿ ಫಲಿತಾಂಶವನ್ನು ಬೋರ್ಡಿನ ಮೇಲೆ ಬರೆಯಿರಿ. ನಂತರ ಮೂರು ಪ್ರಶ್ನೆ ಕೊಡಿ. ಎದುರಿನವರಿಗೆ ಇದು ಬೇಕಿತ್ತೇ? ಇಬ್ಬರಲ್ಲಿ ಯಾರ ಕೈ ಮೇಲಿದೆ? ಬೇಡವೆಂದರೆ ಆಕೆಗೆ ಆಗುವ ನಷ್ಟವೇನು? ತಮಾಷೆಗೆ ಮಾಡಿದೆ ಎಂಬುದು ಉತ್ತರವಾಗುವುದಿಲ್ಲ. ಸುಮ್ಮನಿದ್ದಳು ಎಂದರೆ ಒಪ್ಪಿದಳು ಎಂದೂ ಅಲ್ಲ.

ಕ್ಯಾಂಪಸ್ ಎಂದರೆ ಕಾಂಪೌಂಡಿನೊಳಗೆ ಮಾತ್ರ ಎಂಬ ತಪ್ಪು ತಿಳಿವಳಿಕೆಯನ್ನೂ ಇಲ್ಲೇ ತೆಗೆಯಿರಿ. ಕಾಲೇಜು ಒದಗಿಸಿದ ವಾಹನ, ಅಧ್ಯಯನ ಪ್ರವಾಸ, ಇಂಟರ್ನ್‌ಶಿಪ್, ಕ್ರೀಡಾಕೂಟ, ಶಿಬಿರ ಎಲ್ಲವೂ ಕ್ಯಾಂಪಸ್ಸೇ. ರೈಲು ಕಾಲೇಜಿನದಲ್ಲ. ಅಲ್ಲಿ ನಡೆದದ್ದಕ್ಕೆ ತಕ್ಷಣ 139ಕ್ಕೆ ಕರೆ ಮಾಡಬೇಕು, ಮಾಡಿದವನು ಅದೇ ಕಾಲೇಜಿನವನಾದರೆ ಸಮಿತಿಗೂ ತಿಳಿಸಬೇಕು. ಬೆನ್ನು ಹತ್ತುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಅಪರಾಧ. ಲೈಂಗಿಕ ಕಿರುಕುಳಕ್ಕೆ 75ನೇ ಕಲಮು ಇದೆ: ಅಶ್ಲೀಲ ಮಾತಿಗೆ ಒಂದು ವರ್ಷದವರೆಗೆ, ಬಲವಂತದ ಸ್ಪರ್ಶ ಅಥವಾ ಲೈಂಗಿಕ ಬೇಡಿಕೆಗೆ ಮೂರು ವರ್ಷದವರೆಗೆ ಜೈಲು.

ಹೆಜ್ಜೆ 4: ಪಕ್ಕದಲ್ಲಿದ್ದವರ ಕೆಲಸ

2001ರಲ್ಲಿ ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ ಮೇಲೆ ದುಡಿಮೆಗಾಗಿ ಬೆಂಗಳೂರಿನ ರೈಲು ಹತ್ತುವುದು ಈ ಊರಿನ ದಿನಚರಿಯಾಗಿದೆ. ಅಪ್ಪ ಅಮ್ಮ ಬೆಳಕು ಹರಿಯುವ ಮುಂಚೆ ಹೊರಟು ರಾತ್ರಿ ಮರಳುವ ಮನೆಗಳಲ್ಲಿ ಮಕ್ಕಳು ಕಷ್ಟವನ್ನು ಮೊದಲು ಹೇಳಿಕೊಳ್ಳುವುದು ಬೆಂಚಿನ ಪಕ್ಕದವರ ಬಳಿ. ಆದ್ದರಿಂದ ಆ ಪಕ್ಕದವರಿಗೆ ನಾಲ್ಕು ವಿಷಯ ಕಲಿಸಿ.

ಒಂದು, ನಡುವೆ ಹೋಗಿ ಮಾತು ತಿರುಗಿಸುವುದು. "ಬಾರೇ, ಮೇಡಂ ಕರೀತಿದ್ದಾರೆ" ಎಂದರೂ ಸಾಕು. ಎರಡು, ಒಬ್ಬರಿಂದ ಆಗದಿದ್ದರೆ ನಾಲ್ಕು ಜನರನ್ನು ಕರೆಯುವುದು. ಮೂರು, ದಿನಾಂಕ, ಸಮಯ, ಜಾಗ, ಆಡಿದ ಮಾತನ್ನು ಆಗಲೇ ಬರೆದಿಡುವುದು, ಸಂದೇಶಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುವುದು, ಆದರೆ ಅದನ್ನು ಬೇರೆ ಯಾರಿಗೂ ಕಳಿಸದಿರುವುದು. ನಾಲ್ಕು, ಆಮೇಲೆ ಆಕೆಯ ಬಳಿ ಹೋಗಿ ಏನು ಮಾಡಲಿ ಎಂದು ಕೇಳುವುದು. ಆಕೆ ಕೇಳದೆ ಹುಡುಗನಿಗೆ ಹೊಡೆಯಲು ಹೊರಡುವ ಅಣ್ಣಂದಿರಿಂದ ಆಕೆಗೆ ತೊಂದರೆ ಹೆಚ್ಚುತ್ತದೆಯೇ ಹೊರತು ಸಹಾಯವಾಗುವುದಿಲ್ಲ.

ಹೆಜ್ಜೆ 5: ದೂರಿನ ದಾರಿ ತೋರಿಸಿ

ಘಟನೆ ನಡೆದ, ಅಥವಾ ಸರಣಿಯಲ್ಲಿ ಕೊನೆಯದು ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಬರೆಯಲು ಆಗದವರಿಗೆ ಸಮಿತಿಯೇ ನೆರವಾಗಬೇಕು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅಷ್ಟರಲ್ಲಿ ಆರೋಪಕ್ಕೆ ಒಳಗಾದ ಉಪನ್ಯಾಸಕ ಆಕೆಯ ಪರೀಕ್ಷೆ, ಮೌಲ್ಯಮಾಪನದಿಂದ ದೂರವಿರುವಂತೆ ಮಾಡಿಸಿಕೊಳ್ಳಬಹುದು. ಈ ಸೌಲಭ್ಯವನ್ನು ಬಿಡಿಸಿ ಹೇಳಿ. ಮಾರ್ಕ್ಸ್ ಹೋಗುತ್ತದೆಂಬ ಭಯವೇ ಎಷ್ಟೋ ಬಾಯಿಗಳನ್ನು ಮುಚ್ಚಿಸಿದೆ. ಸಾಕ್ಷಿ ಸಾಲದೆ ಹೋದ ದೂರು ಅಷ್ಟರಿಂದಲೇ ಸುಳ್ಳು ದೂರಾಗುವುದಿಲ್ಲ ಎಂಬುದನ್ನೂ ಹೇಳಿ.

ಪ್ರಾಂಶುಪಾಲರ ಕೊಠಡಿಯಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿ ಕ್ಷಮಾಪಣೆ ಬರೆಸಿ ಮುಗಿಸುವ ಪಂಚಾಯ್ತಿ ಬೇಡ. ದೂರುದಾರಳೇ ಕೇಳಿದರೆ ಮಾತ್ರ ರಾಜಿಗೆ ಅವಕಾಶ, ಅದರಲ್ಲೂ ಹಣದ ಮಾತು ಬರಬಾರದು.

ಹದಿನೆಂಟು ತುಂಬದವರಿದ್ದರೆ ದಾರಿಯೇ ಬೇರೆ. ಪಿಯು ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು, ಮೊದಲ ವರ್ಷದ ಪದವಿಯ ಕೆಲವರು ಈ ವಯಸ್ಸಿನವರು. ಅವರಿಗೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ. ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ಕಾಲೇಜು ತಾನೇ ತನಿಖೆಗೆ ಇಳಿಯಬಾರದು. ಯಾರಿಗೂ ಹೇಳಲ್ಲ ಎಂದು ಮಗುವಿಗೆ ಮಾತು ಕೊಡಲೂಬಾರದು.

ಕೊನೆಗೆ

ಎಲ್ಲರೂ ಫಲಕದ ಬಳಿ ಹೋಗಿ ಸಮಿತಿಯವರ ಹೆಸರು, ನಂಬರಿನ ಫೋಟೊ ತೆಗೆದುಕೊಳ್ಳಲಿ. ಪಾಠವಾದ ನಂತರದ ವಾರಗಳಲ್ಲಿ ದೂರು ಬಂದರೆ ಕಾಲೇಜಿನ ಹೆಸರು ಕೆಟ್ಟಿತೆಂದು ಗಾಬರಿಯಾಗಬೇಡಿ, ಮಕ್ಕಳು ನಿಮ್ಮನ್ನು ನಂಬಿದ್ದಾರೆಂದು ತಿಳಿಯಿರಿ. ಹೊಸ ಬ್ಯಾಚ್ ಬಂದಾಗಲೆಲ್ಲ ಇದನ್ನು ಮತ್ತೆ ಮಾಡಿ, ಮಾರ್ಚ್‌ವರೆಗೆ ಕಾಯಬೇಡಿ.

ನೆನಪಿರಲಿ: ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098, ರೈಲಿನಲ್ಲಿ 139. ಘಟನೆ ಎಲ್ಲೇ ನಡೆದಿರಲಿ, ಯಾವ ಪೊಲೀಸ್ ಠಾಣೆಯಲ್ಲಾದರೂ ದೂರು ದಾಖಲಿಸಬಹುದು. ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರೆ ಝೀರೊ ಎಫ್‌ಐಆರ್ ಕೇಳಿ.